ಹಣಮಮ್ಮ ಕೊಟ್ಟುಬಿಟ್ಟ ಕತೆ

ಸನ್ನತಿಗೆ ಬರುವ ಮಂದಿಯನ್ನು ಹಣಮಮ್ಮ ಕಾಲು ನೋಡಿಯೇ ಗುರುತಿಸುತ್ತಿದ್ದಳು. ಬರಿಗಾಲಲ್ಲಿ ಬಿರಬಿರನೆ ಬಂದವರು ಚಂದ್ರಲಾಂಬೆಯ ಗುಡಿಗೆ ಬಂದವರು. ಬೂಟು ಹಾಕಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತವರು ಬುದ್ಧನ ಕಲ್ಲು ನೋಡಲು ಬಂದವರು. ಎರಡೂ ಬಿಟ್ಟು ನೆಟ್ಟಗೆ ಹೊಳೆಯ ಕಡೆ ನಡೆದವರನ್ನು ಕೂಗಿ ನಿಲ್ಲಿಸಬೇಕು, ಅಲ್ಲಿ ಮಡು ಇದೆ. ಭೀಮಾ ದಂಡೆಯ ಬೇವಿನ ಗಿಡದ ಕೆಳಗೆ ಇಪ್ಪತ್ತು ವರ್ಷ ಸೌತೆಕಾಯಿ, ಹುರಿದ ಶೇಂಗಾ, ಚಹಾ ಮಾರಿಕೊಂಡು ಕುಳಿತವಳಿಗೆ ಇಷ್ಟೂ ತಿಳಿಯದಿದ್ದರೆ ಹೇಗೆ?

ಅವಳ ಗಂಡ ದೇವೀಂದ್ರಪ್ಪನ ಮನೆತನ ದೋಣಿ ನಡೆಸಿದ ಮನೆತನ. ಸೇತುವೆ ಬಂತು, ದೋಣಿ ದಂಡೆಗೆ ಬಿತ್ತು, ಬಿದ್ದಲ್ಲೇ ಹುಳು ಹಿಡಿದು ಮಣ್ಣಾಯಿತು. ಈಗ ಅವನ ಪಾಲಿಗೆ ಎರಡು ಎಮ್ಮೆ ಮತ್ತು ಊರ ಮೇಲಿನ ಸಿಟ್ಟು ಉಳಿದಿವೆ. ಎಮ್ಮೆಗಳನ್ನು ಹೊಳೆಗಿಳಿಸಿ ಹೊತ್ತಿಳಿಯುವ ತನಕ ಆ ಸಿಟ್ಟನ್ನು ಮೇಯಿಸುತ್ತಾನೆ.

ಬೇವಿನ ಬುಡದಲ್ಲಿ ಮೊಣಕಾಲೆತ್ತರದ ಒಂದು ಕಲ್ಲಿದೆ. ಇವರು ಅದನ್ನು ಹೊಳೆವ್ವ ಎನ್ನುತ್ತಾರೆ. ಪ್ರತಿ ಅಮಾವಾಸ್ಯೆಗೆ ಮನೆಯ ಹಿರಿಹೆಂಗಸು ಅದರ ಮೇಲೆ ಕುಸುಬೆ ಎಣ್ಣೆ ಸುರಿದು, ಅರಿಸಿನದ ಭಂಡಾರ ಹಚ್ಚಿ, ಕುಂಕುಮ ಒತ್ತಬೇಕು. ಎಷ್ಟು ತಲೆಮಾರಿನ ಎಣ್ಣೆಯೋ ಏನೋ, ಕಲ್ಲಿನ ಮೇಲೆ ಹೆಬ್ಬೆರಳು ದಪ್ಪ ಕಪ್ಪು ಜಿಡ್ಡು ಕೂತಿತ್ತು. ಕೆಳಗೆ ಕೆತ್ತನೆ ಇದೆ ಎಂದು ಕೈಗೆ ಗೊತ್ತಿತ್ತು, ಕಣ್ಣು ಕಂಡಿರಲಿಲ್ಲ.

ಆ ಕಲ್ಲಿಗೆ ಒಂದು ಕತೆಯಿದೆ. ಅದನ್ನು ಅತ್ತೆ ಸೊಸೆಗೆ ಹೇಳುತ್ತಾಳೆ, ಜನ್ಮದಲ್ಲಿ ಒಂದೇ ಸಲ, ಕಲ್ಲಿನ ಮೇಲೆ ಕೈಯಿಟ್ಟುಕೊಂಡು. ಹೇಳಿ ಮುಗಿದ ಮೇಲೆ ಹೊಳೆಯ ನೀರಿನಿಂದ ಬಾಯಿ ಮುಕ್ಕಳಿಸಬೇಕು. ಅಲ್ಲಿಗೆ ಕತೆ ಸೊಸೆಯದಾಯಿತು. ಹೇಳಿದವಳು ಮತ್ತೆ ಅದರ ಒಂದು ಮಾತನ್ನೂ ಬಾಯಿಗೆ ತರುವಂತಿಲ್ಲ. ಇಬ್ಬರ ಬಾಯಲ್ಲಿದ್ದರೆ ಕತೆ ಎರಡಾಗುತ್ತದೆ, ಆಮೇಲೆ ಯಾವುದು ಖರೆ ಎಂದು ಜಗಳ, ಅದಕ್ಕೇ ಹೀಗೆ ಎಂದು ಹಣಮಮ್ಮನ ಅತ್ತೆ ಹೇಳಿದ್ದಳಂತೆ. ಕತೆ ಏನೆಂದು ನನ್ನನ್ನು ಕೇಳಬೇಡಿ. ದೋಣಿಯಿದೆ, ಹೆಂಗಸಿದ್ದಾಳೆ, ನೆರೆ ಬಂದಿದೆ, ಇಷ್ಟು ಊರಿಗೆಲ್ಲ ಗೊತ್ತು. ಅದರಾಚೆ ಗೊತ್ತಿದ್ದವಳು ಒಬ್ಬಳೇ.

ಹಣಮಮ್ಮನಿಗೆ ಒಬ್ಬ ಮಗ, ಅಣವೀರ. ವಾಡಿಯಲ್ಲಿ ಟೆಂಪೊ ಓಡಿಸುತ್ತಾನೆ. ಅವನ ಹೆಂಡತಿ ಪ್ರೀತಿ ಅಲ್ಲೇ ಒಂದು ಶಿಶುವಿಹಾರದಲ್ಲಿ ಟೀಚರು. ಕಡಿಮೆ ಮಾತಿನ ಹುಡುಗಿ. ಮದುವೆಯಾದ ವರ್ಷವೇ ಒಮ್ಮೆ ಕೇಳಿದ್ದಳು, "ಅತ್ತಿ, ನನಗ ಯಾವಾಗ ಹೇಳ್ತಿ?" ಹಣಮಮ್ಮ ನಕ್ಕು, "ನನ್ನ ಹಲ್ಲ ಇನ್ನ ಗಟ್ಟಿ ಅದಾವ, ಗಡಬಡಿ ಯಾಕ?" ಎಂದಿದ್ದಳು. ಆ ಮಾತು ಅಲ್ಲೇ ಉಳಿದು ಆರು ವರ್ಷವಾಗಿತ್ತು.

ಐಶ್ವರ್ಯ ಬಂದದ್ದು ದಸರೆ ಮುಗಿದ ವಾರದಲ್ಲಿ.

ಸೇಡಂನ ಹುಡುಗಿ, ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು, ಹಣೆಯಲ್ಲಿ ವಿಭೂತಿ, ಬೆನ್ನಿಗೊಂದು ಚೀಲ. ಶಹಾಬಾದಿನಲ್ಲಿ ಮಹೇಶಕುಮಾರ ಎಂಬುವವನ ಸಣ್ಣ ಕಂಪನಿಯಲ್ಲಿ ಕೆಲಸ. ಪ್ರವಾಸಿಗರಿಗೆಂದು ಫೋನಿನ ಆ್ಯಪ್ ವಿನ್ಯಾಸ ಮಾಡುವುದು ಅವಳ ಕೆಲಸ. ಚಿಂಚೋಳಿಯ ಕಾಡಿಗೆ ಒಂದು ಮಾಡಿ ಮುಗಿಸಿದ್ದಳು, ಈಗ ಸನ್ನತಿಯ ಸರದಿ. ಮೊದಲ ದಿನ ಮಟಮಟ ಮಧ್ಯಾಹ್ನ ಹೊಳೆದಂಡೆಯಲ್ಲಿ ಫೋನು ಹಿಡಿದು ಹಿಂದೆ ಮುಂದೆ ನಡೆಯುತ್ತಿದ್ದವಳನ್ನು ಹಣಮಮ್ಮನೇ ಕರೆದಳು.

"ಏ ಹುಡುಗಿ, ನೆಳ್ಳಿಗಿ ಬಾ. ಮಾರಿ ಕೆಂಪಾಗ್ಯದ."

"ಅಮ್ಮಾರ, ಇಲ್ಲಿಗಿ ಬಂದವರು ಎಲ್ಲೆಲ್ಲಿ ನಿಂದರ್ತಾರ್ರಿ?"

"ಮೊದಲ ಕುಂದ್ರು. ನೀರ ಕುಡಿ. ಆಮ್ಯಾಗ ಕೇಳು."

ಐಶ್ವರ್ಯ ಫೋನಿನಲ್ಲಿ ತೋರಿಸಿಯೇ ಅರ್ಥ ಮಾಡಿಸಿದಳು. ಕ್ಯಾಮೆರಾವನ್ನು ಒಂದು ಕಲ್ಲಿಗೆ ಹಿಡಿದರೆ ಪರದೆಯಲ್ಲಿ ಆ ಕಲ್ಲು ಕಾಣುತ್ತದೆ, ಅದರ ಮೇಲೆ ಒಂದು ದೋಣಿ ಬಂದು ನಿಲ್ಲುತ್ತದೆ, ತೇಲುತ್ತದೆ, ಮಾತು ಕೇಳಿಸುತ್ತದೆ. ಫೋನು ಇಳಿಸಿದರೆ ಬರೀ ಕಲ್ಲು. ಹಣಮಮ್ಮ ಫೋನು ಎತ್ತಿ ನೋಡಿದಳು, ಇಳಿಸಿ ನೋಡಿದಳು, ಮತ್ತೆ ಎತ್ತಿದಳು. ಅಷ್ಟರಲ್ಲಿ ಒಲೆಯ ಮೇಲಿನ ಚಹಾ ಉಕ್ಕಿತು.

ಅಂದಿನಿಂದ ವಾರಕ್ಕೆರಡು ಸಲ ಹುಡುಗಿ ನಾಲವಾರದಲ್ಲಿ ರೈಲಿಳಿದು ಆಟೋ ಹಿಡಿದು ಬರತೊಡಗಿದಳು. ಪರದೆಯಲ್ಲಿ ಏನೇನು ಕಾಣಬೇಕೆಂದು ಕಾಗದದ ಮೇಲೆ ಬರೆದು ತಂದು ಬೇವಿನ ಕಟ್ಟೆಯ ಮೇಲೆ ಹರಡುತ್ತಿದ್ದಳು, ಗಾಳಿಗೆ ಹಾರದಂತೆ ಹಣಮಮ್ಮ ಒಂದೊಂದರ ಮೇಲೂ ಹರಳು ಇಡುತ್ತಿದ್ದಳು. ಹರಳಿಡುತ್ತ ಇಡುತ್ತ ತಪ್ಪು ತೆಗೆಯಲು ಸುರುಮಾಡಿದಳು.

"ಇಲ್ಲಿ ಬಿಸಲಾಗ ನಿಂದರಸೀದಿ. ಬಿಸಲಾಗ ಫೋನ ಹಿಡದ್ರ ಅದರಾಗ ತಮ್ಮ ಮಾರೀನೇ ಕಾಣ್ತದ, ನಿನ್ನ ದೋಣಿ ಎಲ್ಲಿ ಕಾಣ್ಬೇಕು? ಗಿಡದ ಬುಡಕ್ಕ ತಾ."

ಇನ್ನೊಂದು ದಿನ, "ಫೋನಿನಾಗ ಒತ್ತೂ ಗುಂಡಿ ಎಲ್ಲಾ ಮ್ಯಾಲ ಇಟ್ಟೀದಿ. ಕೂಸಿನ್ನ ಕಂಕುಳಾಗ ಇಟ್ಕೊಂಡ ಹೆಣ್ಮಗಳಿಗಿ ಒಂದೇ ಕೈ ಖಾಲಿ ಇರ್ತದ. ಆಕಿ ಹೆಬ್ಬಟ್ಟು ಎಲ್ಲಿ ಮುಟ್ತದ ನೋಡಿ ಇಡು."

ದೋಣಿಯನ್ನು ಖರೆ ದೋಣಿಯಷ್ಟೇ ದೊಡ್ಡದಾಗಿ ತೋರಿಸಬೇಕೆಂದು ಐಶ್ವರ್ಯಳಿಗೆ ಭಾಳ ಆಸೆಯಿತ್ತು. ಹಣಮಮ್ಮ ಎದ್ದು ಹೋಗಿ ಕಟ್ಟೆಯ ಹಿಂದಿನ ಗುಂಡಿ ತೋರಿಸಿದಳು. "ಇಷ್ಟ ದೊಡ್ಡದ ಮಾಡಿದ್ರ ಪೂರಾ ನೋಡ್ಬೇಕಂತ ಮಂದಿ ಹಿಂದಕ್ಕ ಸರೀತಾರ, ಸರದು ಇದರಾಗ ಬೀಳ್ತಾರ. ಆಮ್ಯಾಗ ಎತ್ಲಿಕ್ಕ ನಾನೇ ಬರ್ಬೇಕು." ದೋಣಿ ಚಿಕ್ಕದಾಯಿತು. ಹೊಳೆಯ ಹತ್ತಿರ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ಆ್ಯಪನ್ನು ಗುಡಿಯ ಬಾಗಿಲಲ್ಲೇ ಇಳಿಸಿಕೊಂಡು ಬರಬೇಕು ಎಂದು ಹೇಳಿದವಳೂ ಅವಳೇ. ಹುಡುಗಿ ಇದನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡು ಮೇಲೆ 'ಹಣಮಮ್ಮನ ನಿಯಮಗಳು' ಎಂದು ತಲೆಬರಹ ಕೊಟ್ಟಿದ್ದಳು. ಅದನ್ನು ಓದಿ ಹೇಳಿಸಿಕೊಂಡ ದಿನ ಹಣಮಮ್ಮ ಸೌತೆಕಾಯಿ ಮಾರುವುದನ್ನೇ ಮರೆತಳು.

ಬಂದಾಗಲೆಲ್ಲ ಊಟ ಇದ್ದದ್ದೇ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ. ಮೂರನೆಯ ವಾರಕ್ಕೆ 'ಅಮ್ಮಾರ' ಹೋಗಿ 'ಆಯಿ' ಆಯಿತು, 'ರಿ' ಉದುರಿ 'ನೀ' ಬಂತು. ಹೊಳೆಯಾಚೆಯ ಊರಿನ ತನ್ನ ಅಕ್ಕ ಸಿಕ್ಕಾಗ ಹಣಮಮ್ಮ, "ನನಗೊಬ್ಬಾಕಿ ಮೊಮ್ಮಗಳು ಹುಟ್ಯಾಳ, ಓದಿಕೊಂಡೇ ಹುಟ್ಯಾಳ" ಎಂದು ಹೇಳಿಕೊಂಡಳು. ದೇವೀಂದ್ರಪ್ಪ ಮಾತ್ರ ಎಮ್ಮೆಯ ಮೈ ತಿಕ್ಕುತ್ತ, "ಉಂಡು ಹೋಗೋರು ಭಾಳ ಮಂದಿ ಅದಾರ" ಎಂದು ಗೊಣಗಿದ. ಅವನ ಗೊಣಗಾಟಕ್ಕೆ ಕಿವಿ ಕೊಡುವುದನ್ನು ಆ ಮನೆಯಲ್ಲಿ ಯಾವತ್ತೋ ಬಿಟ್ಟಿದ್ದರು.

ದೀಪಾವಳಿಯ ಮರುವಾರ ಐಶ್ವರ್ಯ ಒಂದು ತೊಡಕು ಹೊತ್ತು ತಂದಳು. ಫೋನು ಹೊಳೆವ್ವನನ್ನು ಗುರುತಿಸುತ್ತಿಲ್ಲ. ಫೋನಿಗೆ ಕಲ್ಲಿನ ಗೆರೆಗಳು ಕಾಣಬೇಕು, ಇವತ್ತು ಕಂಡಂತೆಯೇ ನಾಳೆಯೂ ಕಾಣಬೇಕು. ಇಲ್ಲಿ ನೋಡಿದರೆ ಎಣ್ಣೆಯ ಹೊಳಪು, ತಿಂಗಳಿಗೊಂದು ಹೊಸ ಕುಂಕುಮ. ಫೋನಿನ ಪಾಲಿಗೆ ಪ್ರತಿ ಅಮಾವಾಸ್ಯೆಗೂ ಅದು ಬೇರೆಯೇ ಕಲ್ಲು.

"ತೊಳದು ಹಂಗೇ ಬಿಡ್ಲಿಕ್ಕ ಬರ್ತದೇನು ಆಯಿ? ಎಣ್ಣಿ ಹಚ್ಚಲಾರ್ದೆ?"

ದೇವೀಂದ್ರಪ್ಪ ಎದ್ದು ನಿಂತು ಅಂದು ಜೀವಮಾನದಲ್ಲೇ ಉದ್ದದ ಮಾತಾಡಿದ. ಅವನ ಅವ್ವ, ಅವ್ವನ ಅತ್ತೆ, ಅವಳ ಅತ್ತೆ ಯಾರೂ ಒಂದು ಅಮಾವಾಸ್ಯೆ ತಪ್ಪಿಸಿದವರಲ್ಲ ಎಂದ. ಹಣಮಮ್ಮ ಎರಡು ದಿನ ಎಂದಿನಂತೆ ಸೌತೆಕಾಯಿ ಹೆಚ್ಚಿದಳು. ಮೂರನೆಯ ದಿನ ಹಂಡೆಯಲ್ಲಿ ನೀರು ಕಾಸಿ, ಸೀಗೆಪುಡಿ ಕಲಸಿ, ತೆಂಗಿನ ನಾರು ಹಿಡಿದು ಕಲ್ಲಿನ ಮುಂದೆ ಕೂತಳು. ಹುಡುಗಿಯೂ ಸೆರಗಿನಂತೆ ದುಪಟ್ಟಾ ಸಿಕ್ಕಿಸಿ ತಿಕ್ಕಲು ನಿಂತಳು. ಸಂಜೆಯಾಗುವಷ್ಟರಲ್ಲಿ ಕಲ್ಲು ಬಾಯಿಬಿಟ್ಟಿತು. ಒಂದು ದೋಣಿ, ಕೆಳಗೆ ಏಳು ಅಲೆ, ದೋಣಿಯ ತುದಿಯಲ್ಲಿ ಕಾಲು ಅಗಲಿಸಿ ನಿಂತ ಹೆಂಗಸು. ಅವಳ ಎರಡೂ ಕೈಯಲ್ಲಿ ದೋಣಿ ನಡೆಸುವ ಹುಟ್ಟು.

ಹಣಮಮ್ಮ ಆ ಹೆಂಗಸಿನ ಮುಖವನ್ನು ಬೆರಳಿಂದ ಸವರಿದಳು. ಕತೆಯಲ್ಲಿ ಅವಳು ಹೀಗೆಯೇ ನಿಂತಿದ್ದಳು. ಮೂವತ್ತೆಂಟು ವರ್ಷ ಎಣ್ಣೆ ಹಚ್ಚಿದವಳಿಗೆ ಈಗ ದರ್ಶನವಾಗಿತ್ತು, ತೋರಿಸಿದವಳು ಈ ಹುಡುಗಿ. ಆ ಹೊತ್ತಿನಲ್ಲಿ ಐಶ್ವರ್ಯ ಏನು ಕೇಳಿದ್ದರೂ ಅವಳು ಕೊಡುತ್ತಿದ್ದಳು. ಹುಡುಗಿ ಕತೆ ಕೇಳಿದಳು.

ಕೊಡುವುದಕ್ಕೆ ಇನ್ನೂ ಒಂದು ಕಾರಣವಿತ್ತು. ಹಣಮಮ್ಮನ ತಮ್ಮ ತೀರಿಹೋಗಿ ಮೂರು ವರ್ಷವಾದರೂ ಅಣವೀರನ ಫೋನಿನಲ್ಲಿ ಅವನ ದನಿ ಇನ್ನೂ ಇತ್ತು. "ಅಕ್ಕಾ, ಎಮ್ಮಿ ಈದೈತೇನು?" ಎಂದು ಕೇಳುತ್ತಿತ್ತು. ಮಗ ಊರಿಗೆ ಬಂದಾಗಲೆಲ್ಲ ಅವಳು ಅದನ್ನು ಹಾಕಿಸಿ ಕೇಳುತ್ತಿದ್ದಳು. ಸತ್ತವನ ದನಿ ಫೋನು ಇಟ್ಟುಕೊಳ್ಳುತ್ತದೆ ಎಂದಾದರೆ ಕತೆಯನ್ನೂ ಇಟ್ಟುಕೊಳ್ಳುತ್ತದೆ. ಸೊಸೆ ಒಂದು ಜನ್ಮ ಕಾಯಬಹುದು, ಫೋನಿಗೆ ಸಾವಿಲ್ಲ. ಹೀಗೆ ಲೆಕ್ಕ ಹಾಕಿದಳು ನಮ್ಮ ಹಣಮಮ್ಮ. ಪ್ರೀತಿಗೆ ಕೊಡಬೇಕಾದದ್ದನ್ನು ಎಲ್ಲರಿಗೂ ಕೊಟ್ಟರೆ ಪ್ರೀತಿಗೂ ಕೊಟ್ಟಂತೆಯೇ ಅಲ್ಲವೇ ಎಂದು ತನಗೆ ತಾನೇ ಹೇಳಿಕೊಂಡಳು. ಜಾಣರು ತಪ್ಪು ಮಾಡುವುದು ಹೀಗೆಯೇ, ಒಳ್ಳೆಯ ಕಾರಣ ಹುಡುಕಿಕೊಂಡು.

"ಹೇಳ್ತೀನಿ," ಎಂದಳು. "ಆದ್ರ ನನ್ನ ಬಾಯಿಲೇ ಕೇಳಸ್ಬೇಕು. ನನ್ನ ಹೆಸರ ಬರ್ಬೇಕು. ಒಂದ ಮಾತೂ ಕಡೀಬಾರ್ದು."

ಐಶ್ವರ್ಯ ಕಲ್ಲಿನ ಮೇಲೆ ಕೈಯಿಟ್ಟಳು. "ಹೊಳೆವ್ವನ ಮ್ಯಾಲ ಆಣಿ, ಆಯಿ."

ಮರುದಿನ ಮುಂಜಾನೆ ಒಂದೂಕಾಲು ತಾಸು ಹಣಮಮ್ಮ ಕತೆ ಹೇಳಿದಳು. ಅತ್ತೆ ಹೇಳಿದಂತೆಯೇ, ಅತ್ತೆ ಉಸಿರು ತೆಗೆದುಕೊಂಡಲ್ಲೇ ಉಸಿರು ತೆಗೆದುಕೊಂಡು. ಹುಡುಗಿ ಕಿವಿಗೆ ದೊಡ್ಡ ಮುಚ್ಚಳ ಹಾಕಿಕೊಂಡು ಲ್ಯಾಪ್‌ಟಾಪಿನ ಪರದೆ ನೋಡುತ್ತ ಕೂತಿದ್ದಳು. ಅಲ್ಲಿ ದನಿಗೆ ತಕ್ಕಂತೆ ಹಸಿರು ಗೆರೆಗಳು ಏಳುತ್ತಿದ್ದವು, ಬೀಳುತ್ತಿದ್ದವು. ನಡುವೆ ಒಂದು ಕಡೆ, ಹೇಳುವವಳ ಕಣ್ಣೇ ತುಂಬಿದ ಕಡೆ, ಹಣಮಮ್ಮ ತಲೆಯೆತ್ತಿದಳು. ಹುಡುಗಿಯ ಕಣ್ಣು ಹಸಿರು ಗೆರೆಯ ಮೇಲಿತ್ತು.

"ಕೇಳ್ಲಿಕತ್ತೀದಿ ಇಲ್ಲ?"

"ಕೇಳ್ಲಿಕತ್ತೀನಿ ಆಯಿ. ನೀ ಹೇಳು. ದನಿ ಛಲೋ ಬರ್ಲಿಕತ್ತದ."

ಮುಗಿಯಿತು. ಹಣಮಮ್ಮ ಹೊಳೆಗಿಳಿದು ಬೊಗಸೆಯಲ್ಲಿ ನೀರೆತ್ತಿ ಬಾಯಿ ಮುಕ್ಕಳಿಸಿ ಬಂದಳು.

"ಆಯಿ, ನಡುವ ಟ್ರ್ಯಾಕ್ಟರ್ ಸಪ್ಪಳ ಬಂದದ. ಅದೊಂದ ತುಕಡಿ ಮತ್ತ ಹೇಳ್ತೀ ಏನು?"

"ಬಾಯಿ ಮುಕ್ಕಳಿಸೀನಿ. ಇನ್ನ ಅದು ನಂದಲ್ಲ, ನಿಂದು."

ಹುಡುಗಿ ನಕ್ಕಳು. "ಆಯ್ತು ಆಯಿ. ಜ್ವಾಕಿ ಮಾಡ್ತೀನಿ."

ಎಳ್ಳಮಾವಾಸ್ಯೆಗೆ ಮಗ, ಸೊಸೆ ವಾಡಿಯಿಂದ ಬಂದರು. ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ಕಡುಬು ಉಂಡು ಎಲ್ಲರೂ ನಗುತ್ತ ಗಿಡದ ಬಳಿ ಬಂದರೆ ಕಲ್ಲು ಬರಿಮೈಯಲ್ಲಿ ನಿಂತಿತ್ತು. ಪ್ರೀತಿ ಸೇರು ಎಣ್ಣೆ ತಂದಿದ್ದಳು. ಹಣಮಮ್ಮ ಅದನ್ನು ಗೂಡಿನಲ್ಲಿ ಎತ್ತಿಟ್ಟು, ಆ್ಯಪಿನ ವಿಷಯವೆಲ್ಲ ಹೇಳಿದಳು.

"ಕತಿ ಆಕಿಗಿ ಕೊಟ್ಟ್ಯಾ ಅತ್ತಿ?"

"ಎಲ್ಲರಿಗಿ ಕೊಟ್ಟೀನವ್ವ. ಫೋನಿನಾಗ ನೀನೂ ಕೇಳಬಹುದು. ಯಾವಾಗ ಬೇಕಾದ್ರ ಆವಾಗ."

ಪ್ರೀತಿ "ಹೂಂ" ಎಂದಳು. ಆಮೇಲೆ ಮುಸುರೆ ತೊಳೆಯಲು ಕೂತಳು, ತೊಳೆದದ್ದನ್ನೇ ಮತ್ತೊಮ್ಮೆ ತೊಳೆದಳು. ಹಣಮಮ್ಮ ನೋಡಿಯೂ ನೋಡದವಳಂತೆ ಒಳಗೆ ಹೋದಳು.

ಅದಾದ ಮೇಲೂ ಐಶ್ವರ್ಯ ಬರುತ್ತಿದ್ದಳು, ಮಾತು ಮಾತ್ರ ಕಡಿಮೆಯಾಗಿತ್ತು. ರೊಟ್ಟಿ ಮುರಿದು ತಾಟು ನೋಡುತ್ತ ಉಣ್ಣುತ್ತಿದ್ದಳು. ಕೆಲಸದ ದಣಿವು ಎಂದುಕೊಂಡು ಹಣಮಮ್ಮ ಇನ್ನೊಂದು ಚಮಚ ಬೆಣ್ಣೆ ಹಾಕುತ್ತಿದ್ದಳು. "ನನ್ನ ದನಿ ಛಲೋ ಬಂದದೇನು?" ಎಂದು ಎರಡು ಸಲ ಕೇಳಿದಳು. "ಬಂದದ ಆಯಿ, ಭಾಳ ಛಲೋ ಬಂದದ" ಎಂದು ಎರಡು ಸಲವೂ ಹುಡುಗಿ ಹೇಳಿದಳು.

ಮೂರು ಅಮಾವಾಸ್ಯೆ ಹೊಳೆವ್ವ ಎಣ್ಣೆಯಿಲ್ಲದೆ ಕೂತಳು. ಶಿವರಾತ್ರಿಗೆ ಹತ್ತು ದಿನ ಇರುವಾಗ ಉದ್ಘಾಟನೆ ನಿಕ್ಕಿಯಾಯಿತು. ಬೇವಿನ ಗಿಡಕ್ಕೆ ಶಾಮಿಯಾನ ಕಟ್ಟಿದರು. ಹಣಮಮ್ಮ ಇಳಕಲ್ ಸೀರೆ ತೆಗೆದು ಉಟ್ಟಳು. ಹೊಳೆಯಾಚೆಯಿಂದ ಅಕ್ಕನನ್ನೂ ಅಕ್ಕನ ಸೊಸೆಯಂದಿರನ್ನೂ ಕರೆಸಿದಳು, ವಾಡಿಯಿಂದ ಪ್ರೀತಿಯನ್ನು ರಜೆ ಹಾಕಿಸಿ ಕರೆಸಿದಳು. "ನನ್ನ ದನಿ ಫೋನಿನಾಗ ಬರ್ತದ, ಬರ್ರಿ" ಎಂದು ಊರೆಲ್ಲ ಹೇಳಿ ಬಂದಿದ್ದಳು. ಕಂಪನಿಯ ಮಾಲೀಕ ಮಹೇಶಕುಮಾರ ಮೈಕು ಹಿಡಿದು, ನೆರಳು, ಹೆಬ್ಬೆರಳು, ಹಿಂದಿನ ಗುಂಡಿ ಎಲ್ಲವನ್ನೂ ವಿವರಿಸಿ, ಇದು ತಮ್ಮ ತಂಡ ನಡೆಸಿದ ಆಳವಾದ ಬಳಕೆದಾರರ ಅಧ್ಯಯನದ ಫಲ ಎಂದ. ಹಣಮಮ್ಮನಿಗೆ ಆ ಮಾತು ಅರ್ಥವಾಗಲಿಲ್ಲ. ಗುಂಡಿಯ ಸುದ್ದಿ ಬಂದಾಗ ಮಾತ್ರ ಅಕ್ಕನ ಕಡೆ ನೋಡಿ ನಕ್ಕಳು.

ಆಮೇಲೆ ಫೋನು ಹಿಡಿದರು. ಕಲ್ಲಿನ ಮೇಲೆ ದೋಣಿ ಎದ್ದು ಬಂತು. ಚಪ್ಪಾಳೆ ಬಿತ್ತು. ಸಕ್ಕರೆ ಅದ್ದಿದಂಥ ದನಿಯೊಂದು ಹೇಳಿತು, "ಪ್ರಿಯ ಪ್ರವಾಸಿಗರೇ, ಸ್ವಾಗತ. ಬಹಳ ಕಾಲದ ಹಿಂದೆ, ಈ ಭೀಮಾ ತೀರದಲ್ಲಿ ಒಬ್ಬಳು ಸುಂದರ ರಾಜಕುಮಾರಿ ಇದ್ದಳು."

ದೋಣಿಯಲ್ಲಿ ರೇಷ್ಮೆ ಉಟ್ಟ ಹುಡುಗಿಯೊಬ್ಬಳು ಕುಳಿತಿದ್ದಳು. ಕಲ್ಲಿನ ಹೆಂಗಸಿನ ಕೈಯಲ್ಲಿ ಹುಟ್ಟು ಇದ್ದ ಜಾಗದಲ್ಲಿ, ಸರಿಯಾಗಿ ಅದರ ಮೇಲೆಯೇ, ಒಂದು ಕಮಲದ ಹೂವಿನ ದಂಟು ಬಂದು ಕೂತಿತ್ತು. ದೋಣಿಯನ್ನು ನಡೆಸುವವರೇ ಇರಲಿಲ್ಲ, ಅದು ತಾನಾಗಿಯೇ ಹೋಗುತ್ತಿತ್ತು.

ಹಣಮಮ್ಮ ಕಾದಳು. ಇದು ಪೀಠಿಕೆಯಿರಬೇಕು ಎಂದುಕೊಂಡಳು. ಮೂರು ನಿಮಿಷಕ್ಕೆ ರಾಜಕುಮಾರಿ ಮದುವೆಯಾಗಿ, ಸಂಗೀತ ಬಂದು, ಮುಗಿಯಿತು.

"ನಿಂದು ಯಾವಾಗ ಬರ್ತದ?" ಎಂದಳು ಅಕ್ಕ.

"ಇನ್ನ ಮುಂದ ಅದ."

ಫೋನು ಇನ್ನೊಬ್ಬರ ಕೈಗೆ ಹೋಯಿತು. ಮತ್ತೆ ರಾಜಕುಮಾರಿ. ಮತ್ತೊಬ್ಬರ ಕೈಗೆ ಹೋಯಿತು, ಮತ್ತೂ ರಾಜಕುಮಾರಿಯೇ. ನಾಲ್ಕನೆಯ ಸಲಕ್ಕೆ ಅಕ್ಕನ ಸೊಸೆಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡೆಯಲ್ಲಿ ಹೆಸರುಗಳ ಸಾಲು ಓಡಿತು. ಹಣಮಮ್ಮನಿಗೆ ಓದು ಬರದು, ಪಕ್ಕದಲ್ಲಿದ್ದ ಪ್ರೀತಿಯ ಮೊಣಕೈ ತಿವಿದಳು. "ನನ್ನ ಹೆಸರ ಎಲ್ಲದ ನೋಡು."

ಪ್ರೀತಿ ಎರಡು ಸಲ ನೋಡಿದಳು. ಆಮೇಲೆ ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ ಓದಿದಳು, "ಸ್ಥಳೀಯ ಸಹಕಾರ, ಗ್ರಾಮಸ್ಥರು."

ಜನ ಚದುರಿದ ಮೇಲೆ ಐಶ್ವರ್ಯ ಬಂದಳು. ಮುಖ ಬಿಳುಚಿತ್ತು. "ಹಣಮಮ್ಮಾರ, ನಾ ಹೇಳ್ಬೇಕಂತೇ ಇದ್ದೆರಿ," ಎಂದು ಸುರುಮಾಡಿದಳು. 'ರಿ' ಮರಳಿ ಬಂದದ್ದನ್ನು ಹಣಮಮ್ಮ ಗಮನಿಸಿದಳು. ಹಣಮಮ್ಮ ಹೇಳಿದ ಕತೆಯನ್ನು ದೂರದೂರಿನ ಒಂದಷ್ಟು ಮಂದಿಗೆ ಮೊದಲು ಕೇಳಿಸಿ ನೋಡಿದರಂತೆ. ಮಾತು ತಿಳಿಯುವುದಿಲ್ಲ ಎಂದರಂತೆ, ಒಂದು ತಾಸು ಯಾರು ಫೋನು ಹಿಡಿದು ನಿಲ್ಲುತ್ತಾರೆ ಎಂದರಂತೆ. ಮೂರು ನಿಮಿಷಕ್ಕೆ ಇಳಿಸು, ಚಂದದ್ದೇನಾದರೂ ಹಾಕು ಎಂದು ಮಾಲೀಕ ಹೇಳಿದನಂತೆ.

"ಯಾವಾಗ ಹೇಳ್ದ ಅಂವ?"

"ಎಳ್ಳಮಾಸಿಕಿಂತ ಮೊದಲ."

ಎಳ್ಳಮಾವಾಸ್ಯೆಯಿಂದೀಚೆ ಅವಳು ಎಷ್ಟು ಸಲ ಬಂದು ಉಂಡಳೆಂದು ಹಣಮಮ್ಮ ನೆನಪು ಮಾಡಿಕೊಂಡಳು. ಬೆಣ್ಣೆ ಹಾಕಿದ ಚಮಚದ ಸಹಿತ ನೆನಪಾಯಿತು. ಮಾಲೀಕನ ಮೇಲೆ ಅವಳಿಗೆ ಸಿಟ್ಟೇ ಬರಲಿಲ್ಲ, ಅವನು ಯಾರೋ. ಇವಳು ಗೊತ್ತಿದ್ದೂ ಕಟ್ಟೆಯ ಮೇಲೆ ಕುಳಿತು, ತನ್ನ ಕೈಯ ರೊಟ್ಟಿ ಮುರಿದು, ಭಾಳ ಛಲೋ ಬಂದದ ಎಂದಳಲ್ಲ, ಅದು ಎದೆಗೆ ನಾಟಿತು. ಮೋಸವೆಂದರೆ ಅದು. ಸುಳ್ಳು ಹೇಳುವುದಿದ್ದರೆ ಉಣ್ಣದೆ ಹೇಳಬೇಕಿತ್ತು.

ಶಿವರಾತ್ರಿ ಅಮಾವಾಸ್ಯೆ ಬಂತು. ಪ್ರೀತಿ ತಂದು ಗೂಡಿನಲ್ಲಿಟ್ಟಿದ್ದ ಎಣ್ಣೆ ಹಾಗೇ ಇತ್ತು. ಹಣಮಮ್ಮ ಮಿಂದು ಬಂದು ಅದನ್ನು ಹೊಳೆವ್ವನ ನೆತ್ತಿಗೆ ಸುರಿದಳು, ಭಂಡಾರ ಹಚ್ಚಿದಳು, ಕುಂಕುಮ ಒತ್ತಿದಳು. ಹಿಂದೆಲ್ಲ ಎಷ್ಟು ಹಾಕುತ್ತಿದ್ದಳೋ ಅಷ್ಟೇ.

"ಸೇಡ ತೀರಸ್ಕೊಳ್ಲಿಕತ್ತಿ ಏನು?" ಎಂದ ದೇವೀಂದ್ರಪ್ಪ. ಅವನ ದನಿಯಲ್ಲಿ ಸ್ವಲ್ಪ ಖುಷಿಯಿತ್ತು.

"ಇವತ್ತ ಅಮಾಸಿ," ಎಂದಳು ಹಣಮಮ್ಮ.

ಅಲ್ಲಿಗೆ ಫೋನುಗಳ ಕಣ್ಣು ಹೋಯಿತು. ಬಂದವರು ಹಿಡಿಯುವುದು, 'ಕಲ್ಲನ್ನು ಹುಡುಕಲಾಗುತ್ತಿದೆ' ಎಂದು ಪರದೆಯಲ್ಲಿ ಬರುವುದು, ಒಂದು ಚಕ್ರ ತಿರುಗುವುದು. ಕಲ್ಲು ಎದುರಿಗೇ ಮೊಣಕಾಲಿಗೆ ತಾಗುವಂತೆ ಇದ್ದರೂ ಹುಡುಕಾಟ ಮುಗಿಯುತ್ತಿರಲಿಲ್ಲ. ಒಬ್ಬಿಬ್ಬರು ಫೋನು ಇಳಿಸಿ, "ಅಮ್ಮ, ಇದೇನು ಕಲ್ಲು?" ಎಂದು ಅವಳನ್ನೇ ಕೇಳಿದರು. "ಹೊಳೆವ್ವ" ಎಂದಷ್ಟೇ ಹೇಳಿ ಅವಳು ಸೌತೆಕಾಯಿ ಹೆಚ್ಚಿಕೊಟ್ಟಳು.

ನಾಲ್ಕನೆಯ ದಿನ ಐಶ್ವರ್ಯ ಓಡಿಬಂದಳು. ಕಂಪನಿಗೆ ಈ ಆ್ಯಪಿನ ಕೆಲಸ ಒಪ್ಪಿಸಿದವರು ಎರಡು ದಿನದಲ್ಲಿ ನೋಡಲು ಬರುತ್ತಾರೆ, ಆಗ ದೋಣಿ ಏಳದಿದ್ದರೆ ತನ್ನ ನೌಕರಿ ಹೋಗುತ್ತದೆ ಎಂದಳು. ಕಣ್ಣಲ್ಲಿ ನೀರಿತ್ತು, ಅದು ಸುಳ್ಳಿನ ನೀರಲ್ಲ. "ಎರಡ ದಿನ ಒರಸ್ಲಾ ಆಯಿ? ಆಮ್ಯಾಗ ಬೇಕಾದಷ್ಟ ಹಚ್ಚು."

"ಒರಸು," ಎಂದಳು ಹಣಮಮ್ಮ. "ಅದಕ್ಕ ಮೊದಲ ನನ್ನ ದನಿ ಒಮ್ಮಿ ಕೇಳಸು. ನಾ ಹೇಳಿದ ಕತಿ. ಪೂರಾ."

ಹುಡುಗಿ ಫೋನು ತೆಗೆಯಲಿಲ್ಲ. ದುಪಟ್ಟಾದ ಅಂಚು ಬೆರಳಿಗೆ ಸುತ್ತಿದಳು.

"ಎಲ್ಲದ ಅದು?"

"ಆಫೀಸಿನ ಕಂಪ್ಯೂಟರಿನಾಗ ಇತ್ತು ಆಯಿ. ಜಾಗ ಸಾಲ್ವಲ್ದಂತ ಬ್ಯಾಡಾದ ಫೈಲ್ ಎಲ್ಲಾ ಅಳಿಸಿದ್ರು. ನನಗ ಗೊತ್ತಾಗೂದ್ರಾಗ..." ಅವಳು ತಟ್ಟನೆ ಹಣಮಮ್ಮನ ಕೈ ಹಿಡಿದಳು. "ಮತ್ತ ಹೇಳು ಆಯಿ. ಈಗೇ ಹೇಳು. ಈ ಸಲ ನಾನೇ ಇಟ್ಕೋತೀನಿ. ಖರೇನ."

ಹಣಮಮ್ಮ ತನ್ನ ಕೈ ಬಿಡಿಸಿಕೊಳ್ಳಲಿಲ್ಲ. ಸತ್ತ ತಮ್ಮನ ದನಿ ನೆನಪಾಯಿತು, ಆ ದನಿಯನ್ನು ನಂಬಿ ತಾನು ಮಾಡಿದ ಲೆಕ್ಕ ನೆನಪಾಯಿತು, ಪ್ರೀತಿ ಮತ್ತೆ ಮತ್ತೆ ತೊಳೆದ ತಾಟು ನೆನಪಾಯಿತು.

"ನಾ ಹ್ಯಾಂಗ ಹೇಳ್ಲಿ? ಬಾಯಿ ಮುಕ್ಕಳಿಸೀನಿ. ಈಗ ಕತಿ ನಿಂದು. ಕಂಪ್ಯೂಟರಿನಾಗ ಇಲ್ಲಂದ್ರ ಹೋಗ್ಲಿ, ನಿನ್ನ ಹೊಟ್ಟ್ಯಾಗ ಅದ. ನೀ ಎದುರಿಗೇ ಕುಂತಿದ್ದಿ. ನೀ ಹೇಳು, ನಾ ಕೇಳ್ತೀನಿ."

ಐಶ್ವರ್ಯ ಕಲ್ಲಿನ ಕಡೆ ತಿರುಗಿ ನೋಡಿದಳು.

"ಪೂರಾ ಬ್ಯಾಡ. ಮೊದಲನೇ ಮಾತ ಹೇಳು. ಹೇಳಿದ್ರ ಕಲ್ಲ ನಾನೇ ತೊಳದು ಕೊಡ್ತೀನಿ."

ಹುಡುಗಿ ಕಣ್ಣು ಮುಚ್ಚಿಕೊಂಡಳು. ನೆನಪಿಸಿಕೊಳ್ಳಲು ಮನಸ್ಸಿಟ್ಟು ಯತ್ನಿಸಿದಳು ಎಂಬುದನ್ನು ಹಣಮಮ್ಮನೂ ಅಲ್ಲಗಳೆಯುವುದಿಲ್ಲ. ಅವಳಿ‌ಗೆ ಹಸಿರು ಗೆರೆಗಳು ನೆನಪಿದ್ದವು, ಟ್ರ್ಯಾಕ್ಟರಿನ ಸಪ್ಪಳ ನೆನಪಿತ್ತು. ತುಟಿ ಅಲುಗಿತು.

"ಭಾಳ ಹಿಂದ, ಈ ಹೊಳಿ ದಂಡಿ ಮ್ಯಾಲ ಒಬ್ಬಾಕಿ ರಾಜಕುಮಾರಿ..." ಎಂದಳು, ಎಂದದ್ದು ತನಗೇ ಕೇಳಿಸಿ ಅಲ್ಲಿಗೇ ನಿಂತಳು.

ಹಣಮಮ್ಮ ಎದ್ದು ಚಹಾದ ಪಾತ್ರೆ ತೊಳೆಯಲು ಹೋದಳು. ಕಲ್ಲನ್ನು ಒರೆಸು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಐಶ್ವರ್ಯ ಕಲ್ಲಿನ ಮುಂದೆ ಒಂದಷ್ಟು ಹೊತ್ತು ನಿಂತಳು, ಕೈ ಚಾಚಿದಳು, ಮುಟ್ಟಲಾರದೆ ಹಿಂತೆಗೆದಳು. ಮಧ್ಯಾಹ್ನದ ಹೊತ್ತು, ಬುಟ್ಟಿಯಲ್ಲಿ ಬಿಸಿ ರೊಟ್ಟಿ ಇತ್ತು. ಆ ಮನೆಗೆ ಬಂದವರು ಉಣ್ಣದೆ ಹೋದದ್ದು ಅದೇ ಮೊದಲು.

ಯುಗಾದಿ ಅಮಾವಾಸ್ಯೆಗೆ ಪ್ರೀತಿ ಒಬ್ಬಳೇ ವಾಡಿಯಿಂದ ಬಂದಳು, ಎಣ್ಣೆ ತಂದಳು. ಹಣಮಮ್ಮ ಬಟ್ಟಲನ್ನು ಅವಳ ಕೈಗೇ ಕೊಟ್ಟಳು. ನೆತ್ತಿಯಿಂದ ಸುರಿ, ಬಲಕ್ಕೆ ಇಳಿಸು, ಭಂಡಾರ ಬಿಗಿಯಾಗಿ ಒತ್ತಬೇಡ ಎಂದು ಒಂದೊಂದಾಗಿ ತೋರಿಸಿದಳು. ನೀವು ಕೇಳಬಹುದು, ಎಲೆ ಹೆಂಗಸೇ, ಸುತ್ತ ಯಾರೂ ಇಲ್ಲ, ಸೊಸೆಯ ಕಿವಿಯಲ್ಲಿ ಕತೆ ಹೇಳಿಬಿಟ್ಟಿದ್ದರೆ ಯಾವ ಹೊಳೆ ಉಕ್ಕುತ್ತಿತ್ತು? ನಾನೂ ಕೇಳಿದ್ದೆ, ಸ್ವಲ್ಪ ಸಿಟ್ಟಿನಿಂದಲೇ ಕೇಳಿದ್ದೆ. "ಆಕಿ ಆಣಿ ಮುರದ್ಳಂತ ನಾನೂ ಮುರೀಲೇನು?" ಎಂದಳು ಹಣಮಮ್ಮ.

ಪ್ರೀತಿ ಸುರಿದ ಎಣ್ಣೆ ಹಳೆಯ ಎಣ್ಣೆಯ ಮೇಲೆ ಮೆಲ್ಲಗೆ ಇಳಿಯುತ್ತಿತ್ತು. ಅಲೆಗಳು ಆಗಲೇ ಮಸುಕಾಗಿದ್ದವು. ಹುಟ್ಟು ಹಿಡಿದ ಹೆಂಗಸಿನ ಮುಖ ಇನ್ನೂ ಅಷ್ಟಿಷ್ಟು ಕಾಣುತ್ತಿತ್ತು. ಪ್ರೀತಿ ಬಟ್ಟಲು ಕೆಳಗಿಟ್ಟು ಆ ಮುಖವನ್ನು ಬೆರಳಿಂದ ಸವರಿ ಕೇಳಿದಳು, "ಅತ್ತಿ, ಇಕಿ ಯಾರು?"

ಹಣಮಮ್ಮನ ಬಾಯಿ ತೆರೆಯಿತು. ಮೊದಲನೆಯ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು.

"ಹೊಳೆವ್ವ," ಎಂದಳು, ದಾರಿಹೋಕರಿಗೆ ಹೇಳುವಂತೆ.